ಐದು ಬಗೆಯ ಸಪ್ಲಿಮೆಂಟ್ ತಿಂದರೂ ಸುಸ್ತು ಹೋಗುತ್ತಿಲ್ಲ, ಇನ್ನೇನು ತಗೊಳ್ಳಲಿ?

ನೀವು ಬರೆದದ್ದನ್ನು ಎರಡು ಸಲ ಓದಿದೆ. ವಯಸ್ಸು 32, ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೆಲಸ, ಹುಟ್ಟಿನಿಂದ ಸಸ್ಯಾಹಾರಿ. ಬೆಳಿಗ್ಗೆ ಏಳುವಾಗಲೇ ಸುಸ್ತು, ಕೂದಲು ಉದುರುತ್ತಿದೆ, ರಾತ್ರಿ ಊಟ ಆದ ಮೇಲೆ ಎದೆ ಉರಿ. ಆಫೀಸಿನ ಗೆಳೆಯರು ಹೇಳಿದರು ಅಂತ ಮಲ್ಟಿವಿಟಮಿನ್, ಒಮೆಗಾ 3, ಬಯೋಟಿನ್, ಅಶ್ವಗಂಧ, ಪ್ರೋಟೀನ್ ಪೌಡರ್ ತರಿಸಿದ್ದೀರಿ. ಮೂರು ತಿಂಗಳಾದರೂ ಏನೂ ಬದಲಾಗಿಲ್ಲ, ಇನ್ನೇನು ಸೇರಿಸಲಿ ಅಂತ ಕೇಳಿದ್ದೀರಿ.

ಸದ್ಯಕ್ಕೆ ಏನೂ ಸೇರಿಸಬೇಡಿ. ನಾನು ಡಾಕ್ಟರ್ ಅಲ್ಲ, ಮೈಸೂರಲ್ಲಿ ಹೈಸ್ಕೂಲ್ ಟೀಚರ್. ಆದರೆ ನೀವೀಗ ಪಡುತ್ತಿರುವ ಪಾಡನ್ನೇ ಎರಡು ವರ್ಷ ನಾನೂ ಪಟ್ಟಿದ್ದೇನೆ. ಎದೆ ಉರಿ ಅನ್ನುವ ಮಾತು ನಿಮ್ಮ ಪ್ರಶ್ನೆಯಲ್ಲಿ ಎಲ್ಲೋ ಮೂಲೆಯಲ್ಲಿದೆ. ನನ್ನ ಕಣ್ಣು ಅಲ್ಲೇ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಶುರುವಾಗಿದ್ದು ನಾಲಿಗೆಯಿಂದ. ಸಾರು ಒಂಚೂರು ಖಾರ ಇದ್ದರೂ ಉರಿಯುತ್ತಿತ್ತು. ಆಮೇಲೆ ಸುಸ್ತು ಬಂತು. ಮಧ್ಯಾಹ್ನದ ಪೀರಿಯಡ್‌ನಲ್ಲಿ ಬೋರ್ಡಿನ ಮುಂದೆ ನಿಲ್ಲಲಾಗದೆ ಕುರ್ಚಿ ಎಳೆದುಕೊಂಡು ಕೂತು ಪಾಠ ಮಾಡುತ್ತಿದ್ದೆ. ಎಂಟು ತಿಂಗಳಿಂದ ನೋಡುತ್ತಿದ್ದ ಮಕ್ಕಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಆಗ ನನಗೆ 41. ಜೊತೆಯ ಟೀಚರೊಬ್ಬರು ಹೇಳಿದ ಮಲ್ಟಿವಿಟಮಿನ್ ತಂದು ಒಂದು ವರ್ಷಕ್ಕೂ ಜಾಸ್ತಿ ತಪ್ಪದೆ ನುಂಗಿದೆ. ನಡುವೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿದ್ದೆ. ಹೀಮೋಗ್ಲೋಬಿನ್ 12.4 ಇತ್ತು, ಎಲ್ಲ ಸರಿ ಇದೆ ಅಂದರು. ಅಷ್ಟರಲ್ಲಿ ಎರಡೂ ಪಾದ ಜೋಮು ಹಿಡಿಯತೊಡಗಿದ್ದವು. ಕಾಲಿಂದ ಚಪ್ಪಲಿ ಕಳಚಿ ಬಿದ್ದರೂ ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಗುತ್ತಿತ್ತು.

ಕೊನೆಗೆ ನಮ್ಮಕ್ಕ ಬಲವಂತ ಮಾಡಿ ಒಬ್ಬರು ಹಿರಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅವರು ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿ ಅಂದರು. ನಿಂತ ಕೂಡಲೇ ಓಲಾಡಿದೆ. ಟ್ಯೂನಿಂಗ್ ಫೋರ್ಕ್ ಮಿಡಿದು ಕಾಲಿನ ಹೆಬ್ಬೆರಳ ಮೇಲಿಟ್ಟು, ಅದುರುತ್ತಿದೆಯಾ ಅಂತ ಕೇಳಿದರು. ನನಗೆ ತಣ್ಣಗಿನ ಕಬ್ಬಿಣ ಮುಟ್ಟಿದ್ದು ಗೊತ್ತಾಯಿತು, ಅದುರಿದ್ದು ಗೊತ್ತಾಗಲಿಲ್ಲ.

"ಗ್ಯಾಸ್ ಮಾತ್ರೆ ತಗೋತೀರೇನಮ್ಮಾ?"

"ಹೂಂ ಮೇಡಂ, ದಿನಾ ಬೆಳಿಗ್ಗೆ ಒಂದು."

"ಎಷ್ಟು ವರ್ಷದಿಂದ?"

"ನಾಲ್ಕು ವರ್ಷ ಆಗಿರಬಹುದು."

ಅಲ್ಲಿಯವರೆಗೆ ಆ ಮಾತ್ರೆಯನ್ನು ನಾನು ಔಷಧಿ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಏನಾದರೂ ಮಾತ್ರೆ ತಗೋತೀರಾ ಅಂತ ಯಾರು ಕೇಳಿದರೂ ಇಲ್ಲ ಅನ್ನುತ್ತಿದ್ದೆ. ನಮ್ಮ ಕಡೆ ಎಷ್ಟು ಮನೆಯಲ್ಲಿ ಹೀಗೇ ಅಲ್ವಾ? ಖಾಲಿಯಾದರೆ ಮೆಡಿಕಲ್ ಶಾಪಿಗೆ ಹೋಗಿ ಇನ್ನೊಂದು ಹಾಳೆ ತರುತ್ತೇವೆ, ಅಷ್ಟೇ.

ವಿಟಮಿನ್ ಬಿ12 ಪರೀಕ್ಷೆಯಲ್ಲಿ 118 ಬಂತು. ಆ ಲ್ಯಾಬಿನ ಲೆಕ್ಕದಲ್ಲಿ 200ಕ್ಕಿಂತ ಕೆಳಗಿದ್ದರೆ ಕೊರತೆ.

ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಹೊಟ್ಟೆಯ ಚಿತ್ರ ಬರೆದು ವಿವರಿಸಿದರು. ಬಿ12 ಬರುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಿಂದ. ಸೊಪ್ಪು, ತರಕಾರಿ, ಕಾಳಿನಲ್ಲಿ ಅದು ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಸಿಗುತ್ತೆ ಅಂತಾರೆ, ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ದೊಡ್ಡವರಿಗೆ ದಿನಕ್ಕೆ ಎರಡು ಮೈಕ್ರೋಗ್ರಾಂಗಿಂತ ಸ್ವಲ್ಪ ಜಾಸ್ತಿ ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸಿಗುವುದು ಸುಮಾರು ಒಂದು. ಹಾಗಾಗಿ ಹಾಲು, ಮೊಸರು ಚೆನ್ನಾಗಿ ತಿನ್ನುವ ಸಸ್ಯಾಹಾರಿಗೆ ಹೇಗೋ ನಡೆಯುತ್ತದೆ. ಆದರೆ ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು. ನಾನು ದಿನಾ ಬೆಳಿಗ್ಗೆ ಮಾತ್ರೆ ನುಂಗಿ ಆ ಆಮ್ಲವನ್ನೇ ತಗ್ಗಿಸಿಕೊಂಡಿದ್ದೆ. ಮೊದಲೇ ಕಡಿಮೆ ಬರುತ್ತಿದ್ದದ್ದು ಒಳಗೆ ಸೇರುವುದೂ ಕಡಿಮೆಯಾಯಿತು. ಲಿವರ್‌ನಲ್ಲಿ ಬಿ12 ವರ್ಷಗಟ್ಟಲೆ ಸಾಕಾಗುವಷ್ಟು ಕೂಡಿಟ್ಟುಕೊಂಡಿರುತ್ತದೆ. ಆ ಗಂಟು ಕರಗುವವರೆಗೆ ಯಾವ ಸುಳಿವೂ ಸಿಗುವುದಿಲ್ಲ.

ಹಾಗಾದರೆ ನಾನು ವರ್ಷವಿಡೀ ತಿಂದ ಮಲ್ಟಿವಿಟಮಿನ್ ಏನಾಯಿತು? ಮನೆಗೆ ಬಂದು ಡಬ್ಬಿ ತಿರುಗಿಸಿ ನೋಡಿದೆ. ಇಪ್ಪತ್ತಕ್ಕೂ ಜಾಸ್ತಿ ಹೆಸರುಗಳಿದ್ದವು. ಬಿ12 ಇದ್ದದ್ದು ಒಂದು ಮೈಕ್ರೋಗ್ರಾಂ. ಬರಿದಾದ ಹಂಡೆಗೆ ಒಂದೊಂದೇ ಚಮಚ ನೀರು ಹಾಕಿದ ಹಾಗಾಗಿತ್ತು. ಅದಕ್ಕಿಂತ ಮುಖ್ಯವಾದ ವಿಷಯ ಅದರಲ್ಲಿದ್ದ ಫೋಲಿಕ್ ಆಸಿಡ್ ಅನ್ನುವ ಇನ್ನೊಂದು ಬಿ ವಿಟಮಿನ್. ಬಿ12 ಕೊರತೆ ಇದ್ದವರು ಬರೀ ಫೋಲಿಕ್ ಆಸಿಡ್ ತಗೊಂಡರೆ ರಕ್ತಹೀನತೆ ಕಾಣದೇ ಹೋಗಬಹುದು, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ನನ್ನ ಹೀಮೋಗ್ಲೋಬಿನ್ ಸರಿ ಬಂದಿದ್ದಕ್ಕೆ ಅದೂ ಕಾರಣ ಇರಬಹುದು ಅಂದರು. ಇದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಬಿ12 ಇಂಜೆಕ್ಷನ್ ಶುರುವಾಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಹತ್ತೇ ದಿನದಲ್ಲಿ ನಾಲಿಗೆ ಉರಿ ಹೋಯಿತು. ಒಂದೂವರೆ ತಿಂಗಳಿಗೆ ಸುಸ್ತು ಇಳಿಯಿತು. ಪಾದದ ಜೋಮು ಬಿಡಲು ಒಂಬತ್ತು ತಿಂಗಳು ಬೇಕಾಯಿತು. ಎಡಗಾಲಿನ ಹೆಬ್ಬೆರಳಲ್ಲಿ ಇವತ್ತಿಗೂ ಸ್ವಲ್ಪ ಉಳಿದಿದೆ. ನರದ ವಿಷಯದಲ್ಲಿ ತಡ ಮಾಡಿದರೆ ಕೆಲವೊಮ್ಮೆ ಪೂರ್ತಿ ವಾಪಸ್ ಬರುವುದಿಲ್ಲ. ನಿಮಗೆ ಕೈಕಾಲು ಜುಮ್ಮೆನ್ನುವುದು ಇದ್ದರೆ ಒಂದು ವಾರವೂ ಕಾಯಬೇಡಿ ಅನ್ನುವುದು ಇದಕ್ಕೇ.

ಈಗ ಅಭ್ಯಾಸಗಳ ವಿಷಯ. ಇಂಜೆಕ್ಷನ್ ಕೊಟ್ಟ ಡಾಕ್ಟರಮ್ಮನೇ, ಗ್ಯಾಸ್ ಮಾತ್ರೆ ಯಾಕೆ ಬೇಕಾಯಿತು ಅಂತ ನೋಡಿದ ಹೊರತು ಇದು ಮುಗಿಯಲ್ಲ ಅಂದರು. ನನ್ನ ದಿನ ಹೇಗಿತ್ತು ಅಂದರೆ, ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ, ಸಂಜೆಯೊಳಗೆ ಇನ್ನೂ ನಾಲ್ಕು. ರಾತ್ರಿ ಹತ್ತಕ್ಕೆ ಊಟ, ಹತ್ತೂವರೆಗೆ ಹಾಸಿಗೆ. ಇಷ್ಟಾದ ಮೇಲೆ ಎದೆ ಉರಿಯದೆ ಇರುತ್ತಾ? ಊಟವನ್ನು ಏಳೂವರೆಗೆ ತಂದೆ. ಮೊದಲ ವಾರ ಮನೆಯಲ್ಲಿ ಎಲ್ಲರಿಗೂ ಕಷ್ಟವಾಯಿತು, ಆಮೇಲೆ ಒಗ್ಗಿತು. ಮಲಗುವುದಕ್ಕೂ ಊಟಕ್ಕೂ ಮೂರು ಗಂಟೆ ಅಂತರ. ಕಾಫಿ ಎರಡಕ್ಕೆ ಇಳಿಸಿದೆ, ಅದೂ ತಿಂಡಿ ಆಗಿ ಒಂದು ಗಂಟೆ ಬಿಟ್ಟು. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆಹಣ್ಣು ಹಿಂಡಿಕೊಂಡರೆ ಜಾಸ್ತಿ ಹತ್ತುತ್ತದೆ. ಕೋಸಂಬರಿಗೆ ನಿಂಬೆ ಹಿಂಡುವ ನಮ್ಮ ಪದ್ಧತಿ ಈ ಲೆಕ್ಕದಲ್ಲಿ ಬಹಳ ಒಳ್ಳೆಯದು.

ಗ್ಯಾಸ್ ಮಾತ್ರೆಯನ್ನು ಒಂದೇ ದಿನಕ್ಕೆ ಬಿಡಬೇಡಿ. ನಾನು ಮೊದಲು ಹಾಗೇ ಮಾಡಿ ಮೂರನೇ ದಿನ ಉರಿ ತಡೆಯಲಾಗದೆ ಮತ್ತೆ ನುಂಗಿದೆ. ವರ್ಷಗಟ್ಟಲೆ ತಡೆದಿಟ್ಟ ಆಮ್ಲ ಮಾತ್ರೆ ನಿಲ್ಲಿಸಿದ ಮೇಲೆ ಕೆಲವು ವಾರ ಇನ್ನೂ ಜೋರಾಗಿ ಬರುತ್ತದಂತೆ. ಡಾಕ್ಟರಮ್ಮ ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ವಾರಕ್ಕೆರಡು ಅಂತ ಇಳಿಸಿದರು. ಎರಡೂವರೆ ತಿಂಗಳಲ್ಲಿ ಪೂರ್ತಿ ಬಿಟ್ಟೆ. ಹಾಗಂತ ಎಲ್ಲರೂ ಬಿಡುವಂಥದ್ದಲ್ಲ. ಹೊಟ್ಟೆ ಹುಣ್ಣು ಇರುವವರಿಗೆ, ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಅದು ನಿಜಕ್ಕೂ ಬೇಕಾಗಬಹುದು. ಕೇಳಿಯೇ ಮಾಡಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರಿಗೂ ಬಿ12 ಇಳಿಯಬಹುದು, ನಿಮ್ಮ ಮನೆಯ ಹಿರಿಯರು ತಿನ್ನುತ್ತಿದ್ದರೆ ಅವರದ್ದನ್ನೂ ನೋಡಿಸಿ.

ವಿಟಮಿನ್ ಡಿ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ನಮ್ಮ ಚಿಕ್ಕಮ್ಮನಿಗೆ ಆದದ್ದು. ಮಂಡಿ ನೋವಿಗೆ ಹೋದಾಗ 60,000 ಯೂನಿಟ್‌ನ ಕ್ಯಾಪ್ಸೂಲ್ ಬರೆದುಕೊಟ್ಟರು. ಸಾಮಾನ್ಯವಾಗಿ ಅದು ವಾರಕ್ಕೊಂದರಂತೆ ಎಂಟು ವಾರ. ಚೀಟಿ ಓದಲು ಬರುವಂತಿರಲಿಲ್ಲ, ಅಂಗಡಿಯವರು ಅವಸರದಲ್ಲಿ ದಿನಕ್ಕೊಂದು ಅಂದರು. ಚಿಕ್ಕಮ್ಮ ಹತ್ತಿರ ಹತ್ತಿರ ಎರಡು ತಿಂಗಳು ದಿನಾ ನುಂಗಿದರು. ವಾಂತಿ, ಮಲಬದ್ಧತೆ, ಎಷ್ಟು ಕುಡಿದರೂ ಇಂಗದ ಬಾಯಾರಿಕೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆಯಾಗಿ ಆರು ದಿನ ಆಸ್ಪತ್ರೆಯಲ್ಲಿದ್ದರು. ಬಿ12 ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಕೊಬ್ಬಿನಲ್ಲಿ ಸೇರಿಕೊಂಡು ಉಳಿಯುತ್ತದೆ. ಆಫೀಸಿನಲ್ಲಿ ಯಾರೋ ಕೊಟ್ಟರು ಅಂತ ಈ ಕ್ಯಾಪ್ಸೂಲ್ ದಯವಿಟ್ಟು ತಿನ್ನಬೇಡಿ.

ಬಿಸಿಲಿಂದ ಡಿ ಬೇಕು ಅಂದರೆ ಬೆಳಗಿನ ಎಳೆಬಿಸಿಲು ಸಾಲದು. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿರುವ ಹೊತ್ತು ಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಆ ಕಿರಣಗಳನ್ನು ತಡೆಯುತ್ತದೆ. ಮಧ್ಯಾಹ್ನ ಊಟಕ್ಕೆ ಎದ್ದಾಗ ಹದಿನೈದು ಇಪ್ಪತ್ತು ನಿಮಿಷ ಅಂಗಿಯ ತೋಳು ಮಡಚಿಕೊಂಡು ಹೊರಗೆ ಓಡಾಡಿ. ನಡಿಗೆಯೂ ಆಯಿತು. ನಾನು ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ, ಅದು ವಿಟಮಿನ್‌ಗಲ್ಲ, ನಿದ್ದೆಗೆ. ನಡೆದ ದಿನ ಹತ್ತೂವರೆಗೆ ತಾನಾಗಿ ಕಣ್ಣು ಮುಚ್ಚುತ್ತದೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ದಿನಕ್ಕೆ ಇಪ್ಪತ್ತೆರಡು ನಿಮಿಷ ಬಂತು.

ಇನ್ನು ನಿಮ್ಮ ಐದು ಡಬ್ಬಿಗಳು. ಪ್ರೋಟೀನ್ ಪೌಡರ್ ನಿಮಗೆ ಬೇಕು ಅಂತ ನನಗನ್ನಿಸುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲೂ ಇಂಥ ಪುಡಿಗಳನ್ನು ದೂರವಿಡಿ ಅಂತಲೇ ಇದೆ. ಅವರ ಲೆಕ್ಕದಲ್ಲಿ ದಿನಕ್ಕೆ ಬೇಕಾದ ಪ್ರೋಟೀನ್ ತೂಕದ ಕೆಜಿಗೆ 0.83 ಗ್ರಾಂ. 60 ಕೆಜಿ ಇದ್ದರೆ ಸುಮಾರು 50 ಗ್ರಾಂ. ಒಂದು ಹೊತ್ತು ಮೊಳಕೆ ಹುರುಳಿ ಸಾರು ಅಥವಾ ಅಲಸಂದೆ ಉಸಲಿ, ಇನ್ನೊಂದು ಹೊತ್ತು ಬೇಳೆ, ಎರಡು ಕಪ್ ಮೊಸರು, ಸಂಜೆಗೆ ಹುರಿಗಡಲೆ, ಕಡಲೆಬೀಜ. ಅನ್ನ, ಚಪಾತಿಯಲ್ಲಿರುವುದೂ ಸೇರಿದರೆ ಹತ್ತಿರ ಹತ್ತಿರ ಬಂದೇ ಬಿಡುತ್ತದೆ. ಒಮೆಗಾ 3 ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ, ಬಹಳಷ್ಟು ಮೀನೆಣ್ಣೆಯೇ ಆಗಿರುತ್ತದೆ, ನೀವು ಸಸ್ಯಾಹಾರಿ ಅಂದಿರಿ. ಅಗಸೆ ಚಟ್ನಿಪುಡಿ ತಿನ್ನಿ, ರುಚಿಯೂ ಹೌದು.

ಅಶ್ವಗಂಧ ಗಿಡಮೂಲಿಕೆ, ಏನೂ ಮಾಡಲ್ಲ ಅಂದುಕೊಳ್ಳಬೇಡಿ. ಅದರಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿತು. ಥೈರಾಯ್ಡ್ ಮಾತ್ರೆ ತಿನ್ನುವವರು, ಬಸುರಿಯರು ಇದರ ಹತ್ತಿರ ಹೋಗಬಾರದು. ಆಯುರ್ವೇದದಲ್ಲಿ ನಂಬಿಕೆ ಇದ್ದರೆ ಓದಿದ ವೈದ್ಯರನ್ನೇ ಕೇಳಿ, ಆನ್‌ಲೈನ್ ಜಾಹೀರಾತನ್ನಲ್ಲ. ನಮ್ಮಲ್ಲಿ ಸಪ್ಲಿಮೆಂಟ್ ಅಂತ ಮಾರುವ ಬಹಳಷ್ಟು ಡಬ್ಬಿಗಳು ಔಷಧಿಯ ಕಾನೂನಿಗೆ ಬರುವುದಿಲ್ಲ, ಆಹಾರದ ಕಾನೂನಿಗೆ ಬರುತ್ತವೆ. ಔಷಧಿಯಾಗಿ ಬಳಸಲು ಅಲ್ಲ ಅನ್ನುವ ಸಾಲು ಅಂಥ ಡಬ್ಬಿಯ ಮೇಲೇ ಇಂಗ್ಲಿಷಿನಲ್ಲಿ ಇರಬೇಕು, ಹುಡುಕಿ ನೋಡಿ.

ಬಯೋಟಿನ್ ಕಥೆ ಬೇರೆ. ಅದು ಥೈರಾಯ್ಡ್ ಸೇರಿ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಹುದು. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ನಿಮಗೆ ಸುಸ್ತೂ ಇದೆ, ಕೂದಲೂ ಉದುರುತ್ತಿದೆ, ಅಂದರೆ ಡಾಕ್ಟರು ಮೊದಲು ಬರೆಯುವುದೇ ಥೈರಾಯ್ಡ್ ಪರೀಕ್ಷೆ. ಹಾಗಾಗಿ ಬಯೋಟಿನ್ ಇವತ್ತೇ ನಿಲ್ಲಿಸಿ, ತಿನ್ನುತ್ತಿದ್ದೆ ಅಂತ ಲ್ಯಾಬಿನಲ್ಲೂ ಹೇಳಿ.

ಡಾಕ್ಟರ ಹತ್ತಿರ ಹೋಗುವಾಗ ಐದೂ ಡಬ್ಬಿ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಎದೆ ಉರಿಗೆ ಏನಾದರೂ ನುಂಗುತ್ತಿದ್ದರೆ ಆ ಹಾಳೆಯನ್ನೂ ಇಟ್ಟುಕೊಳ್ಳಿ. ರಕ್ತದ ಎಣಿಕೆ, ಬಿ12, ಡಿ, ಥೈರಾಯ್ಡ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ), ಸಕ್ಕರೆ, ಇವುಗಳಲ್ಲಿ ಯಾವುದು ಬೇಕು ಅಂತ ಅವರು ಹೇಳಲಿ. ಇದನ್ನೆಲ್ಲ ಓದಿ ನಾಳೆಯೇ ಬಿ12 ಮಾತ್ರೆ ತಂದು ಶುರು ಮಾಡಬೇಡಿ. ನಾಲ್ಕು ದಿನ ತಿಂದು ಪರೀಕ್ಷೆ ಮಾಡಿಸಿದರೂ ರಕ್ತದಲ್ಲಿ ಸಂಖ್ಯೆ ಮೇಲೇರಿ ಎಲ್ಲ ಸರಿ ಇದೆ ಅಂತ ಬರಬಹುದು. ಮೊದಲು ರಕ್ತ ಕೊಡಿ, ಆಮೇಲೆ ಮಾತ್ರೆ.