ಸಣ್ಣ ಉದ್ಯಮ ನಡೆಸುವುದನ್ನು ಡಿಪ್ಲೊಮಾ ಓದಿ ಕಲಿಯಬಹುದಾ?

ಅರ್ಧ ಕಲಿಯಬಹುದು. ಧೈರ್ಯ, ಗಿರಾಕಿಗಳ ಜೊತೆ ಮಾತಾಡುವ ಜಾಣತನ ತರಗತಿಯಲ್ಲಿ ಸಿಗುವುದಿಲ್ಲ. ಆದರೆ ಹಣದ ಲೆಕ್ಕ ಓದುವುದನ್ನು ಖಂಡಿತ ಕಲಿಯಬಹುದು. ಎಷ್ಟೋ ಸಣ್ಣ ಉದ್ಯಮಗಳು ಮುಗ್ಗರಿಸುವುದು ಅಲ್ಲೇ.

ಹೇಗೆ ಅಂತ ನೋಡಿ. 100ಕ್ಕೆ ತಂದ ಸರಕನ್ನು 130ಕ್ಕೆ ಮಾರಿದಿರಿ. 30 ಲಾಭ, ಅಲ್ವಾ? ಲೆಕ್ಕದ ಪುಸ್ತಕದಲ್ಲಿ ಹೌದು. ಆದರೆ ಸರಕು ಕೊಟ್ಟವರಿಗೆ 15 ದಿನದಲ್ಲಿ ದುಡ್ಡು ಕೊಡಬೇಕು, ಗಿರಾಕಿ ಕೊಡುವುದು 60 ದಿನಕ್ಕೆ. ನಡುವಿನ 45 ದಿನ ಆ ಹಣವನ್ನು ನೀವೇ ಹೊಂದಿಸಬೇಕು. ವ್ಯಾಪಾರ ಎರಡು ಪಟ್ಟಾದರೆ ಹೀಗೆ ಸಿಕ್ಕಿಕೊಳ್ಳುವ ಹಣವೂ ಎರಡು ಪಟ್ಟು! ಹಾಗಾಗಿ ಲಾಭದಲ್ಲಿರುವ, ಜೋರಾಗಿ ಬೆಳೆಯುತ್ತಿರುವ ಉದ್ಯಮವೂ ಒಂದು ದಿನ ಸಂಬಳ ಕೊಡಲಾಗದೆ ಬಾಗಿಲು ಹಾಕಬಹುದು. ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬ ಈ ಲೆಕ್ಕವೇ ಕ್ಯಾಶ್ ಫ್ಲೋ. ಅನುಭವದಿಂದಲೂ ಇದು ಗೊತ್ತಾಗುತ್ತದೆ, ನಿಜ. ಆದರೆ ಅಷ್ಟರಲ್ಲಿ ಬಂಡವಾಳ ಕರಗಿರುತ್ತದೆ. ತರಗತಿಯಲ್ಲಿ ಸೋಲುವುದು ಕಾಗದದ ಮೇಲೆ ಮಾತ್ರ.

ಮಾರ್ಕೆಟಿಂಗ್, ಕಾನೂನು, ಕೆಲಸಗಾರರನ್ನು ನೋಡಿಕೊಳ್ಳುವುದು ಕೂಡ ಪಾಠದಲ್ಲಿರುತ್ತವೆ, ಹೆಚ್ಚಾಗಿ ಪರಿಚಯದ ಮಟ್ಟಕ್ಕೆ. ಬಿಸಿನೆಸ್ ಪ್ಲಾನ್ ಬರೆಯಲು ಹೇಳಿದಾಗ ಮಾತ್ರ ಸುಮ್ನೆ ಅಂಕಕ್ಕಾಗಿ ಬರೆಯಬೇಡಿ. ನೀವು ನಿಜವಾಗಿ ಶುರು ಮಾಡಬೇಕೆಂದಿರುವ ಕೆಲಸದ್ದೇ ಬರೆಯಿರಿ. ಕೊಳ್ಳುವ 10 ಜನರನ್ನಾದರೂ ಕೇಳಿ ಬೆಲೆ ಹಾಕಿ. ಸೇರುವ ಮುಂಚೆ ಕೋರ್ಸಿನಲ್ಲಿ ಇಂಥ ಪ್ರಾಜೆಕ್ಟ್ ಕೆಲಸ ಎಷ್ಟಿದೆ ಅಂತ ವಿಚಾರಿಸಿ. ಬರೀ ಪರೀಕ್ಷೆಗಳೇ ಇದ್ದರೆ, ನಾನಾದರೆ ಸೇರುವುದಿಲ್ಲ.