ಮೊದಲು ಆ ಓಣಿಗೆ ಹೋಗಿ ಬನ್ನಿ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಯಿತು. ಕೊರಿಯನ್ ಡ್ರಾಮಾ ನೋಡಮ್ಮ ಅಂತ ಮಗಳು ಸ್ಕ್ವಿಡ್ ಗೇಮ್ ಹಾಕಿಕೊಟ್ಟಳು. ಒಂದೇ ಕಂತಿಗೆ ಎದೆ ನಡುಗಿ ಎದ್ದು ಬಂದೆ. ಅವರ ಹೆಸರು ನೆನಪಿರುವುದಿಲ್ಲ. ಕೆಳಗೆ ಬರುವ ಇಂಗ್ಲಿಷ್ ಓದುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ. ಆದರೂ ಇಷ್ಟು ಜನ ನೋಡುತ್ತಾರೆ ಅಂದರೆ ಏನೋ ಇರಬೇಕು ಅಲ್ವಾ? ನನ್ನಂಥವರು ಎಲ್ಲಿಂದ ಶುರು ಮಾಡಬೇಕು?"

ನಮಸ್ಕಾರ ಮೇಡಂ.

ಮಗಳ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. 2021ರಲ್ಲಿ ಆ ಸರಣಿ ಬಂದಾಗ ಜಗತ್ತೆಲ್ಲ ಅದರದೇ ಮಾತು. ಆದರೆ ಹೊಸಬರಿಗೆ ಅದು ಸರಿಯಾದ ಬಾಗಿಲಲ್ಲ. ನೀವು ರಿಪ್ಲೈ 1988 ಅನ್ನುವ ಸರಣಿಯಿಂದ ಶುರು ಮಾಡಿ. ಯಾರು ಕೇಳಿದರೂ ನಾನು ಮೊದಲು ಹೇಳುವ ಹೆಸರು ಇದೇ.

ಸೋಲ್ ನಗರದ ಸಾಂಗ್‌ಮುನ್‌ದೊಂಗ್ ಎಂಬ ಬಡಾವಣೆ. ಅಲ್ಲೊಂದು ಓಣಿ, ಐದು ಮನೆ, ಐವರು ಹದಿಹರೆಯದ ಗೆಳೆಯರು. 1988, ಅಂದರೆ ಸೋಲ್ ಒಲಿಂಪಿಕ್ಸ್ ನಡೆದ ವರ್ಷ. ಮೊದಲ ಕಂತಿನಲ್ಲೇ ರಾತ್ರಿ ಊಟದ ಹೊತ್ತು ಬರುತ್ತದೆ. ಒಬ್ಬ ತಾಯಿ ಮಗನ ಕೈಗೆ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಓಡಿಸುತ್ತಾಳೆ. ಆ ಮನೆಯವರು ಬಟ್ಟಲನ್ನು ಖಾಲಿ ಕಳಿಸುವುದಿಲ್ಲ. ಇನ್ನೊಂದು ಮನೆಯಿಂದ ಇನ್ನೇನೋ ಹೊರಡುತ್ತದೆ. ಓಣಿ ತುಂಬಾ ಮಕ್ಕಳು ತಟ್ಟೆ ಹಿಡಿದುಕೊಂಡು ಎದುರುಬದುರು ಓಡಾಡುತ್ತಾರೆ. ಸಾರಿನ ಪಾತ್ರೆ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮ ಅಮ್ಮಂದಿರು ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದರಲ್ಲ, ಅದು ನಿಮಗೆ ನೆನಪಾಗದೆ ಇರುವುದಿಲ್ಲ.

ಕಥೆಯ ಹುಡುಗಿ ದೊಕ್‌ಸುನ್. ಮೇಲೆ ಜೋರಿನ ಅಕ್ಕ, ಕೆಳಗೆ ತಮ್ಮ, ಇವಳು ನಡುವಿನವಳು. ಅಕ್ಕನ ಹುಟ್ಟುಹಬ್ಬಕ್ಕೂ ಇವಳ ಹುಟ್ಟುಹಬ್ಬಕ್ಕೂ ಕೆಲವೇ ದಿನದ ಅಂತರ. ಅದಕ್ಕೇ ಪ್ರತಿ ವರ್ಷ ಅಕ್ಕನ ಕೇಕಿನಲ್ಲೇ ಇವಳದೂ ಮುಗಿಸಿಬಿಡುತ್ತಾರೆ. ಈ ಸಲ ಬೇಡ ಅಂತ ಮೊದಲೇ ಕೇಳಿಕೊಂಡಿರುತ್ತಾಳೆ. ಆದರೂ ಅಕ್ಕ ಊದಿದ ಮೇಣದಬತ್ತಿಯನ್ನೇ ಮತ್ತೆ ಹಚ್ಚುತ್ತಾರೆ. ಆಗ ಅವಳ ಕಟ್ಟೆ ಒಡೆಯುತ್ತದೆ. ಅಕ್ಕನಿಗೂ ತಮ್ಮನಿಗೂ ಚಂದದ ಹೆಸರು, ನನಗೆ ಮಾತ್ರ ಯಾಕೆ ಹಳೇ ಕಾಲದ ಹೆಸರು? ಹುರಿದ ಮೊಟ್ಟೆ ಅವರಿಬ್ಬರಿಗೆ ಮಾತ್ರ ಯಾಕೆ? ಅಷ್ಟು ಹೊತ್ತೂ ಸುಮ್ನೆ ನೋಡುತ್ತಿದ್ದ ನಾನು ಆ ಮೊಟ್ಟೆಯ ಮಾತಿಗೆ ಅತ್ತುಬಿಟ್ಟೆ. ಆಮೇಲೆ ಅಪ್ಪ ಒಂದು ಪುಟ್ಟ ಕೇಕ್ ತಂದು, ರಾತ್ರಿ ಹೊರಗಡೆ ಅವಳ ಪಕ್ಕ ಕೂರುತ್ತಾನೆ. ಹುಟ್ಟುವಾಗಲೇ ಯಾರೂ ಅಪ್ಪ ಆಗಿರುವುದಿಲ್ಲ, ನನಗೂ ಅಪ್ಪನಾಗಿರುವುದು ಇದೇ ಮೊದಲು ಅಂತ ಕ್ಷಮೆ ಕೇಳುತ್ತಾನೆ. ಈ ಅಪ್ಪನ ಪಾತ್ರ ಮಾಡಿದವರು ಸುಂಗ್ ದೊಂಗ್ ಇಲ್. ಪಾತ್ರದ ಹೆಸರೂ ಅದೇ.

ಒಟ್ಟು 20 ಕಂತು, ಒಂದೊಂದೂ ಸುಮಾರು ಒಂದೂವರೆ ಗಂಟೆ. ಮೊದಲ ಎರಡು ಕಂತಿನವರೆಗೆ ತಾಳ್ಮೆ ಇರಲಿ. ದೊಕ್‌ಸುನ್ ಕೊನೆಗೆ ಯಾರನ್ನು ಮದುವೆಯಾದಳು ಅನ್ನುವುದನ್ನು ಕಥೆ ಬಹಳ ದಿನ ಮುಚ್ಚಿಡುತ್ತದೆ. ಮಗಳು ಬಾಯಿಬಿಡದ ಹಾಗೆ ನೋಡಿಕೊಳ್ಳಿ.

ಈಗ ಹೆಸರು ಮತ್ತು ಇಂಗ್ಲಿಷ್‌ನ ತೊಂದರೆ. ಅಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಸುಂಗ್ ದೊಕ್‌ಸುನ್ ಅಂದರೆ ಸುಂಗ್ ಮನೆಯ ದೊಕ್‌ಸುನ್. ಇದು ಗೊತ್ತಾದರೆ ಯಾರು ಯಾವ ಮನೆಯವರು ಅನ್ನುವ ಅರ್ಧ ಗೊಂದಲ ಕಳೆಯುತ್ತದೆ. ಇಂಗ್ಲಿಷ್ ಓಡುತ್ತದೆ ಅಂತ ಡಬ್ ಮಾಡಿದ್ದಕ್ಕೆ ಮಾತ್ರ ಹೋಗಬೇಡಿ. ಮಗಳಿಗೆ ಹೇಳಿ ಅಕ್ಷರ ದೊಡ್ಡದು ಮಾಡಿಸಿಕೊಳ್ಳಿ, ಬೇಕಾದ ಕಡೆ ನಿಲ್ಲಿಸಿ ಓದಿ. ಯಾಕೆ ಅಂದರೆ ಇಂಗ್ಲಿಷ್ ಕೊಡದೇ ಇರುವುದನ್ನು ನಮ್ಮ ಕಿವಿ ಹಿಡಿಯುತ್ತದೆ. ನನ್ನ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ನಾನು ಕಥೆ ಹೇಳುತ್ತಿದ್ದೆ. ಒಂದು ಸಲ ನನ್ನನ್ನು ತಡೆದು, "ಅವರೂ ಅಪ್ಪ ಅಂತಾನೇ ಕರೀತಾರಲ್ಲೇ!" ಅಂದರು. ಹೌದು, ಕೊರಿಯನ್ ಭಾಷೆಯಲ್ಲೂ ಮಕ್ಕಳು ಕರೆಯುವುದು ಅಪ್ಪ ಅಂತಲೇ. ಅಮ್ಮನಿಗೆ ಒಮ್ಮ. ಹುಡುಗಿ ಅಕ್ಕನನ್ನು ಒನ್ನಿ ಅಂತ, ಅಣ್ಣನನ್ನು ಒಪ್ಪ ಅಂತ ಕರೆಯುತ್ತಾಳೆ. ಹುಡುಗನ ಬಾಯಲ್ಲಿ ಅಕ್ಕ ನೂನ, ಅಣ್ಣ ಹ್ಯಂಗ್. ಹೋಗು, ಹೋಗಿ ಅನ್ನುವ ವ್ಯತ್ಯಾಸವೂ ಅವರಲ್ಲಿದೆ. ಮಾತಿನ ಕೊನೆಗೆ 'ಯೊ' ಬಂದರೆ ಮರ್ಯಾದೆ, ಅದು ಬಿಟ್ಟುಹೋದರೆ ಸಲಿಗೆ, ಇಲ್ಲವೇ ಜಗಳ. ಬಹುವಚನದಲ್ಲಿ ಮಾತಾಡುತ್ತಿದ್ದ ಹುಡುಗ ಒಂದು ದಿನ ಏಕವಚನಕ್ಕೆ ಬಂದ ಅಂದರೆ ಅಲ್ಲೇನೋ ಆಯಿತು ಅಂತ ಅರ್ಥ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ಯು'.

ಎರಡನೆಯದಾಗಿ ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ ನೋಡಿ. 2022ರದ್ದು, 16 ಕಂತು. ಹೆಚ್ಚಿನ ಕಂತುಗಳಲ್ಲಿ ಒಂದೊಂದು ಕೇಸು, ಹಾಗಾಗಿ ನಡುವೆ ನಾಲ್ಕು ದಿನ ಬಿಟ್ಟರೂ ಎಳೆ ತಪ್ಪುವುದಿಲ್ಲ. ಆಟಿಸಂ ಇರುವ ಯುವ ವಕೀಲೆಯಾಗಿ ಪಾರ್ಕ್ ಉನ್‌ಬಿನ್ ನಟಿಸಿದ್ದಾರೆ. ಆಕೆಗೆ ತಿಮಿಂಗಿಲ ಅಂದರೆ ಪ್ರಾಣ. ಕಚೇರಿಯ ತಿರುಗುವ ಬಾಗಿಲು ದಾಟುವುದೇ ದೊಡ್ಡ ಕೆಲಸ. ಪರಿಚಯ ಹೇಳಿಕೊಳ್ಳುವಾಗ, ನನ್ನ ಹೆಸರು ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ವೂ ಯಂಗ್ ವೂ ಅನ್ನುತ್ತಾಳೆ. ಜೊತೆಗೆ ಅಂಥದೇ ಪದಗಳ ಸಾಲು ಒಪ್ಪಿಸುತ್ತಾಳೆ. ಅದರಲ್ಲೊಂದು 'ಇನ್‌ದೊಇನ್', ಅಂದರೆ ಭಾರತೀಯ! ಇದನ್ನು ಇಂಗ್ಲಿಷಿಗೆ ತರುವವರಿಗೆ ಬೇರೆ ಪದಗಳನ್ನೇ ಹುಡುಕಬೇಕಾಗುತ್ತದೆ. ವಿಕಟಕವಿ, ಕುಬೇರನಿಗೇನಿರಬೇಕು ಅಂತ ಆಡಿ ಬೆಳೆದ ನಮಗೆ ಅದರ ರುಚಿ ತಾನಾಗಿ ಸಿಗುತ್ತದೆ.

ಪ್ರೇಮಕಥೆ ಬೇಕೆನಿಸಿದರೆ ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು ಇದೆ. ಪ್ಯಾರಾಗ್ಲೈಡಿಂಗ್ ಮಾಡುತ್ತಿದ್ದ ದಕ್ಷಿಣದ ಶ್ರೀಮಂತೆ ಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ. ಅಲ್ಲಿನ ಸೈನ್ಯಾಧಿಕಾರಿಯೊಬ್ಬ ಅವಳನ್ನು ಬಚ್ಚಿಡುತ್ತಾನೆ. ಇದು ನಿಜಕ್ಕೂ ಸಾಧ್ಯವಾ ಅಂತ ಕೇಳಬೇಡಿ. ಆದರೆ ಹಳ್ಳಿಯ ಹೆಂಗಸರು, ಪದೇಪದೇ ಹೋಗುವ ಕರೆಂಟು, ಸಂತೆಯಲ್ಲಿ ಕದ್ದುಮುಚ್ಚಿ ಮಾರುವ ದಕ್ಷಿಣದ ಸಾಮಾನು, ಇವೆಲ್ಲ ಬಹಳ ಚೆನ್ನಾಗಿವೆ. ಉತ್ತರ ಕೊರಿಯಾ ಬಿಟ್ಟು ಬಂದವರೊಬ್ಬರು ಬರವಣಿಗೆಯ ತಂಡದಲ್ಲಿದ್ದರು. ಜೋಡಿಯಾಗಿ ನಟಿಸಿದ ಹ್ಯುನ್ ಬಿನ್ ಮತ್ತು ಸೊನ್ ಯೇಜಿನ್ 2022ರಲ್ಲಿ ನಿಜವಾಗಿಯೂ ಮದುವೆಯಾದರು.

ಮೈ ಮಿಸ್ಟರ್ ಅನ್ನುವ ಸರಣಿಯನ್ನು ಮೊದಲೇ ನೋಡಬೇಡಿ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ, ಆದರೆ ಅದರ ಮೊದಲ ಕಂತುಗಳು ತುಂಬಾ ಭಾರ. ಮನಸ್ಸು ಗಟ್ಟಿ ಇರುವಾಗ ನೋಡಿ. ಜೇಜು ದ್ವೀಪದ ಬಡ ತಾಯಿ ಮಗಳ ಕಥೆ, 2025ರ ವೆನ್ ಲೈಫ್ ಗಿವ್ಸ್ ಯು ಟ್ಯಾಂಜರಿನ್ಸ್ ಅನ್ನು ಮಗಳು ಊರಿಗೆ ಬಂದಾಗ ಇಬ್ಬರೂ ಕೂತು ನೋಡಿ. ಅದರಲ್ಲಿ ಉಸಿರು ಬಿಗಿಹಿಡಿದು ಸಮುದ್ರಕ್ಕೆ ಧುಮುಕಿ ಕಪ್ಪೆಚಿಪ್ಪು ಆರಿಸುವ ಹೆಂಗಸರಿದ್ದಾರೆ. ಅವರನ್ನು ಹೇನ್ಯೊ ಅನ್ನುತ್ತಾರೆ.

ಅಡುಗೆಯಲ್ಲಿ ಆಸಕ್ತಿ ಇದ್ದರೆ, ಪುರುಸೊತ್ತೂ ಇದ್ದರೆ, ಹಳೆಯದೊಂದಿದೆ: 2003ರ ದೇ ಜಾಂಗ್ ಗೂಮ್, 54 ಕಂತು. ಅರಮನೆಯ ಅಡುಗೆಮನೆ ಸೇರಿದ ಹುಡುಗಿ ಮುಂದೆ ರಾಜನ ವೈದ್ಯೆಯಾಗುವ ಕಥೆ. ಜಾಂಗ್ ಗೂಮ್ ಎಂಬ ವೈದ್ಯೆಯ ಹೆಸರು ಹಿಂದೆ ಕೊರಿಯಾವನ್ನು ಆಳಿದ ಜೋಸೊನ್ ರಾಜರ ಕಾಲದ ಇತಿಹಾಸ ದಾಖಲೆಯಲ್ಲೂ ಇದೆ. ಒಂದು ಖಾದ್ಯದಲ್ಲಿ ಸಿಹಿಗೆ ಏನು ಹಾಕಿದ್ದಾರೆ ಅಂತ ಹಿರಿಯರು ಮಕ್ಕಳನ್ನು ಕೇಳುತ್ತಾರೆ. ಹಣ್ಣಾದ ಪರ್ಸಿಮನ್ ಅನ್ನುತ್ತಾಳೆ ಪುಟ್ಟ ಜಾಂಗ್ ಗೂಮ್. ಹೇಗೆ ಗೊತ್ತಾಯಿತು ಅಂದರೆ ತಬ್ಬಿಬ್ಬಾಗುತ್ತಾಳೆ. ಬಾಯಲ್ಲಿ ಆ ಹಣ್ಣಿನ ರುಚಿ ಬಂತು, ಅದಕ್ಕೇ ಹೇಳಿದೆ, ಇನ್ನು ಹೇಗೆ ಅಂತ ಕೇಳಿದರೆ ಏನು ಹೇಳಲಿ?

ಈ ವಾರ ಮಾತ್ರ ಓಣಿಯ ಮೊದಲ ಕಂತು ಸಾಕು. ಮೊಟ್ಟೆಯ ದೃಶ್ಯ ದಾಟಿದ ಮೇಲೆ ನನಗೊಂದು ಕಾರ್ಡು ಬರೆಯಿರಿ.