ಪಿಪಿಎಲ್ ಕಲಿಯುವವರು ಯಾವ ಹ್ಯಾಂಡ್‌ಹೆಲ್ಡ್ ಏವಿಯೇಷನ್ ರೇಡಿಯೋ ತಗೋಬೇಕು?

ನೀವು ಹುಬ್ಬಳ್ಳಿಯವರು, ಬೆಂಗಳೂರಿನ ಜಕ್ಕೂರಿನಲ್ಲಿ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಕಲೀತಿದ್ದೀರಿ. ವಿಮಾನದ ರೇಡಿಯೋ ಕೈಕೊಟ್ಟರೆ ಇರಲಿ ಅಂತ ಐಕಾಮ್ ಐಸಿ-ಎ25ಎನ್ ಅನ್ನೋ ಕೈರೇಡಿಯೋ ತಗೊಳ್ಳಲೋ, ಅಗ್ಗದ್ದು ಸಾಕೋ ಅಂತ ಕೇಳಿದ್ದೀರಿ. ನಾನು ಧಾರವಾಡದವನು, ಹವ್ಯಾಸಕ್ಕೆ ಹಾರುವವನು. ನನ್ನನ್ನ ಕೇಳಿದರೆ, ಬೆಲೆ ನೋಡೋ ಮೊದಲು ನಿಮ್ಮ ಹೆಡ್‌ಸೆಟ್ಟಿನ ಪಿನ್ ನೋಡ್ರಿ.

ವೈರಿನ ತುದಿಯಲ್ಲಿ ಎರಡು ಪಿನ್ ಇರ್ತಾವೆ: ದಪ್ಪದ್ದು ಕೇಳೋಕೆ, ತುಸು ಸಣ್ಣದ್ದು ಮೈಕಿಗೆ. ಹೆಚ್ಚಿನ ಹ್ಯಾಂಡ್‌ಹೆಲ್ಡ್ ರೇಡಿಯೋ ಸೆಟ್ಟುಗಳಿಗೆ ಇವು ನೇರ ಕೂರೋದಿಲ್ಲ, ನಡುವೆ ಅಡಾಪ್ಟರ್ ಬೇಕು. ಸೆಸ್ನಾ 172 ವಿಮಾನದ ಇಂಜಿನ್ ಸದ್ದಿನಲ್ಲಿ ಸೆಟ್ಟಿನ ಪುಟ್ಟ ಸ್ಪೀಕರನ್ನ ನಂಬಿ ಕೂರೋ ಹಾಗಿಲ್ಲ. ಸೆಟ್ಟಿನ ಮೈಕಿಗೆ ಬಾಯಿ ಹಚ್ಚಿ ಮಾತಾಡಿದರೂ ನಿಮ್ಮ ಮಾತಿನ ಜೊತೆ ಇಂಜಿನ್ ಗದ್ದಲವೂ ಟವರಿಗೆ ಹೋಗ್ತದೆ. ಅಡಾಪ್ಟರನ್ನ ಸೆಟ್ಟಿಗೆ ಸಿಕ್ಕಿಸಿಯೇ ಇಡ್ರಿ. ಬ್ಯಾಗಿನ ತಳದಲ್ಲಿದ್ದರೆ ಆ ಹೊತ್ತಿಗೆ ಕೈಗೆ ಸಿಗೋದಿಲ್ಲ. ಸ್ಪೋರ್ಟೀಸ್ ಪಿಜೆ2 ಅನ್ನೋ ಹ್ಯಾಂಡ್‌ಹೆಲ್ಡಿಗೆ ಎರಡೂ ಪಿನ್ನಿನ ಕಿಂಡಿ ಸೆಟ್ಟಿನಲ್ಲೇ ಇವೆ, ಎಎ ಸೆಲ್ಲಿನಲ್ಲೂ ನಡೀತದೆ. ತಿಂಗಳುಗಟ್ಟಲೆ ಬ್ಯಾಗಿನಲ್ಲೇ ಇರೋ ಸೆಟ್ಟು ಎಎ ಸೆಲ್ಲಿನಲ್ಲಿ ನಡೆಯೋದು ಬಹಳ ಮುಖ್ಯ ಅಂತ ನನ್ನ ಅಭಿಪ್ರಾಯ.

ಎ25ಎನ್ ಒಳ್ಳೇ ಸೆಟ್, ಎರಡು ಮಾತಿಲ್ಲ. ವಿಓಆರ್ (ನೆಲದ ಕೇಂದ್ರದ ಸಂಕೇತದಿಂದ ದಿಕ್ಕು ತಿಳಿಸೋದು), ಜಿಪಿಎಸ್, ಬ್ಲೂಟೂತ್ ಎಲ್ಲಾ ಇದೆ. ಆದರೆ ನಿಮಗೆ ಬೇಕಾದದ್ದು ಮಾತಾಡೋಕೆ. ಅದಕ್ಕೆ ಅದೇ ಐಕಾಮ್‌ನ, ಮಾತಿಗಷ್ಟೇ ಇರೋ ಎ25ಸಿ ಸಾಕು, ಪವರ್ ಎರಡರಲ್ಲೂ ಒಂದೇ: ಪೀಕ್ (ಅತಿ ಹೆಚ್ಚೆಂದರೆ) 6 ವ್ಯಾಟ್, ಕ್ಯಾರಿಯರ್ (ಮಾತಿಲ್ಲದ ಬರೀ ಅಲೆ) 1.8 ವ್ಯಾಟ್.

ಈ ರೇಡಿಯೋಗಳು ಬಳಸೋ ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗ್ತದೆ. ನೆಲದಿಂದ 3000 ಅಡಿ ಎತ್ತರದಲ್ಲಿದ್ದರೆ ಲೆಕ್ಕದ ಪ್ರಕಾರ ಸುಮಾರು 120 ಕಿ.ಮೀ. ಅಂದರೆ ಗದಗ, ಹಾವೇರಿ ಮೇಲಿಂದ ಹುಬ್ಬಳ್ಳಿ ಸಿಗಬೇಕು. ಆದರೆ ಸೆಟ್ಟಿನ ರಬ್ಬರ್ ಆಂಟೆನಾ ಲೋಹದ ಕ್ಯಾಬಿನ್ ಒಳಗಿದ್ದರೆ ಅಷ್ಟು ದೂರ ನಂಬಬೇಡ್ರಿ. ವಿಮಾನದ ಹೊರಗಿನ ಆಂಟೆನಾಕ್ಕೆ ಬಿಎನ್‌ಸಿ (ತಿರುಗಿಸಿ ಸಿಕ್ಕಿಸೋ ಕನೆಕ್ಟರ್) ಕೇಬಲ್ಲಿನಿಂದ ಜೋಡಿಸೋ ಅನುಕೂಲ ಇದೆಯಾ ಅಂತ ನಿಮ್ಮ ಇಂಜಿನಿಯರನ್ನ ಕೇಳ್ರಿ. ಇದರಿಂದ ಸಿಗೋ ಲಾಭ ದುಬಾರಿ ಮಾಡೆಲ್ಲಿನಿಂದ ಸಿಗೋದಿಲ್ಲ.

ಅಗ್ಗದ ವಾಕಿಟಾಕಿ ವಿಷಯಕ್ಕೆ ಹೋಗಲೇಬೇಡ್ರಿ. ಏರ್ ಬ್ಯಾಂಡಿನ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ ಎಎಂ ಅನ್ನೋ ರೀತಿಯಲ್ಲಿ ನಡೀತದೆ. ಆ ವಾಕಿಟಾಕಿಗಳು ಕಳಿಸೋದು ಎಫ್‌ಎಂ ಅನ್ನೋ ಬೇರೆ ರೀತಿಯಲ್ಲಿ. ತುರ್ತು ಕರೆಯ ಫ್ರೀಕ್ವೆನ್ಸಿ 121.5ರಲ್ಲಿ ಕರೆದರೂ ಉಪಯೋಗ ಆಗೋದಿಲ್ಲ.

ರೇಡಿಯೋ ಸತ್ತಾಗ ಬ್ಯಾಗಿಗೆ ಕೈ ಹಾಕೋ ಮೊದಲು ವಿಮಾನ ಸರಿಯಾಗಿ ಹಾರಿಸ್ರಿ, ಟ್ರಾನ್ಸ್‌ಪಾಂಡರಿನಲ್ಲಿ (ರಾಡಾರಿಗೆ ವಿಮಾನದ ಗುರುತು ಕಳಿಸೋ ಸಾಧನ) 7600 ಹಾಕ್ರಿ, ರೇಡಿಯೋ ಕೆಟ್ಟಿದೆ ಅನ್ನೋ ಸಂಕೇತ ಅದು. ಹ್ಯಾಂಡ್‌ಹೆಲ್ಡ್ ಆಮೇಲೆ.

ಇನ್ನೊಂದು, ಆರ್‌ಟಿಆರ್ (ವಿಮಾನದ ರೇಡಿಯೋ ಬಳಸೋಕೆ ಬೇಕಾದ ಪರೀಕ್ಷೆ) ಪಾಸಾದರೆ ನೀವು ರೇಡಿಯೋದಲ್ಲಿ ಮಾತಾಡಬಹುದು, ಅಷ್ಟೇ. ಸೆಟ್ಟಿಗೆ ಬೇರೆಯೇ ಅನುಮತಿ ಬೇಕು, ಅದನ್ನ ನೋಡೋದು ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ (ರೇಡಿಯೋ ಪರವಾನಗಿ ನೋಡಿಕೊಳ್ಳೋ) ವಿಭಾಗ. ಹೊರದೇಶದಿಂದ ತರಿಸೋದಾದರೂ ಮೊದಲು ಅಲ್ಲಿ ವಿಚಾರಿಸ್ರಿ. ಅನುಮತಿಯ ಕಾಗದ ಕೈಗೆ ಬರೋ ತನಕ ಯಾರಿಗೂ ಮುಂಗಡ ಕೊಡಬೇಡ್ರಿ.